ಕೌಂಟರ್ ಮುಚ್ಚದೆ

ಮಾತಾಡುವವರು ಇಬ್ಬರು. ಒಬ್ಬರು ಕರಾವಳಿಯ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರ ಮಾಲಕರು. ಸಹಕಾರಿ ಸಂಘಗಳ ಲೆಕ್ಕಪತ್ರದ ಪ್ರೋಗ್ರಾಮನ್ನು ತೊಂಬತ್ತರ ದಶಕದ ಕೊನೆಗೆ ತಾವೇ ಕೂತು ಬರೆದವರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಊರಿಗೆ ಬಂದು ಅವರಲ್ಲಿ ಸೇರಿದ ಎಂಜಿನಿಯರ್. ಆ ಹಳೆ ಪ್ರೋಗ್ರಾಮನ್ನು ಏನು ಮಾಡುವುದು ಅನ್ನುವುದು ಜಗಳ. ಇಂಥ ಜಗಳದಲ್ಲಿ ಸಾಮಾನ್ಯವಾಗಿ ಹಳಬರು ಹಳತನ್ನು ಬಿಡುವುದಿಲ್ಲ, ಹೊಸಬರಿಗೆ ಎಲ್ಲ ಕೆಡವುವ ಆತುರ. ಇಲ್ಲಿ ಅದು ತಿರುಗುಮುರುಗು.

ಮಾಲಕರು: ತೀರ್ಮಾನ ಆಯ್ತು. ಎಲ್ಲ ಬಿಸಾಡಿ ಹೊಸತಾಗಿ ಬರೆಯುವ. ಒಂದೂವರೆ ವರ್ಷ ಸಂಘಗಳ ಹೊಸ ಬೇಡಿಕೆ ಒಂದನ್ನೂ ಹಿಡಿಯುವುದು ಬೇಡ. ನಮ್ಮ ಪ್ರೋಗ್ರಾಮ್ ಇರುವುದು ವಿಷುವಲ್ ಬೇಸಿಕ್ 6ರಲ್ಲಿ, ಅದು ಬಂದದ್ದು 1998ರಲ್ಲಿ. 2008ರ ಏಪ್ರಿಲಿನಲ್ಲೇ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದೆ. ಕೆಲಸ ಕೇಳಿಕೊಂಡು ಬರುವ ಹುಡುಗರು ಅದರ ಹೆಸರು ಕೇಳಿದರೆ ನಗ್ತಾರೆ.

ಎಂಜಿನಿಯರ್: ಬೆಂಬಲ ನಿಂತದ್ದು ಕೋಡ್ ಬರೆಯುವ ಸಲಕರಣೆಗೆ ಸರ್. ಬರೆದಿಟ್ಟ ಪ್ರೋಗ್ರಾಮ್ ವಿಂಡೋಸ್ 11ರಲ್ಲೂ ಓಡ್ತದೆ. ನಾಳೆ ಬೆಳಿಗ್ಗೆ ಯಾವ ಸಂಘದ ಕೌಂಟರೂ ನಿಲ್ಲುವುದಿಲ್ಲ. ನಮ್ಮದು ತಿದ್ದುವ ಕಷ್ಟ, ಓಡಿಸುವ ಕಷ್ಟ ಅಲ್ಲ. ಎರಡನ್ನೂ ಒಂದೇ ಅಂದುಕೊಂಡರೆ ಗಾಬರಿಯಲ್ಲಿ ತೀರ್ಮಾನ ತೆಗೆದುಕೊಳ್ತೇವೆ.

ಮಾಲಕರು: ಗಾಬರಿ ಅಲ್ಲ ಮಾರಾಯ್ತಿ, ಬೇಸರ. ಆ ಕೋಡಿನ ಒಳಗೆ ಎಂಥೆಂಥ ಕಸ ಉಂಟು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಂಜಿನಿಯರ್: ಒಂದು ಕೇಳ್ತೇನೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ನೀವು ಆ ಒಂದೂವರೆ ವರ್ಷದ ನಡುವೆ ಇದ್ದಿದ್ದರೆ?

ಮಾಲಕರು: ಅದು ಒಮ್ಮೆ ಆದದ್ದು.

ಎಂಜಿನಿಯರ್: ಒಮ್ಮೆಯಾ? ನಮ್ಮ ಡಿನಾಮಿನೇಶನ್ ಪರದೆಯ ಚರಿತ್ರೆ ನೋಡಿದೆ ನಾನು. ಒಂದೊಂದು ನೋಟಿಗೆ ಟೇಬಲ್ಲಿನಲ್ಲಿ ಒಂದೊಂದು ಕಾಲಮ್. ಎರಡು ಸಾವಿರದ ನೋಟು ಬಂತು, ಒಂದು ಕಾಲಮ್ ಸೇರಿಸಿದ್ರಿ. 2017ರ ಆಗಸ್ಟಿನಲ್ಲಿ ಇನ್ನೂರರ ನೋಟು ಬಂತು, ಮತ್ತೊಂದು ಕಾಲಮ್. 2023ರ ಮೇಯಲ್ಲಿ ಎರಡು ಸಾವಿರದ್ದನ್ನು ವಾಪಸ್ ತೆಗೆದುಕೊಂಡರು, ಆ ಕಾಲಮನ್ನು ಪರದೆಯಲ್ಲಿ ಅಡಗಿಸಿದ್ರಿ. ನಡುವೆ ಎರಡು ಲಕ್ಷ ಮತ್ತು ಮೇಲಿನ ನಗದು ಜಮಾ ಮಾಡಿಕೊಳ್ಳಬಾರದು ಅನ್ನುವ ನಿಯಮ 2017ರ ಏಪ್ರಿಲಿನಿಂದ, ಜುಲೈಯಿಂದ ಜಿಎಸ್‌ಟಿ. ಗೊಬ್ಬರ, ಹತ್ಯಾರು ಮಾರುವ ಸಂಘಗಳಿಗೆ 2025ರ ಸೆಪ್ಟೆಂಬರ್ 22ರಂದು ತೆರಿಗೆ ದರವೇ ಬದಲಾಯ್ತು; 12 ಮತ್ತು 28ರ ಸ್ಲ್ಯಾಬ್ ಹೋಯ್ತು. ಇವು ಯಾವುವೂ ನಮ್ಮ ಕ್ಯಾಲೆಂಡರ್ ನೋಡಿ ಬರಲಿಲ್ಲ. ಹೊಸ ಕೆಲಸ ನಿಲ್ಲಿಸುವ ಅಂತ ನಾವು ಹೇಳಬಹುದು, ಸರಕಾರಕ್ಕೆ ಹೇಳಲಿಕ್ಕೆ ಆಗ್ತದಾ?

ಮಾಲಕರು: ಹಾಗಾದರೆ ಎರಡು ತಂಡ ಮಾಡುವ. ನಾಲ್ಕು ಜನ ಹಳತನ್ನು ನೋಡಿಕೊಳ್ಳಲಿ, ನಾಲ್ಕು ಜನ ಹೊಸತನ್ನು ಬರೆಯಲಿ.

ಎಂಜಿನಿಯರ್: ಆಗ ಹಳತರಲ್ಲಿ ಆದ ಪ್ರತಿಯೊಂದು ತಿದ್ದುಪಡಿಯನ್ನೂ ಹೊಸತರಲ್ಲಿ ಇನ್ನೊಮ್ಮೆ ಮಾಡಬೇಕು. ಹೊಸತು ಯಾವಾಗಲೂ ಹಳತರ ಹಿಂದೆ ಓಡ್ತಾ ಇರ್ತದೆ. ಹಳತರಲ್ಲಿ ಉಳಿದ ನಾಲ್ವರು, ನಮ್ಮನ್ನು ಮೂಲೆಗೆ ಹಾಕಿದರು ಅಂತ ಬೇರೆ ಕೆಲಸ ಹುಡುಕ್ತಾರೆ. ನೆಟ್‌ಸ್ಕೇಪ್ ಗೊತ್ತಲ್ಲ ನಿಮಗೆ?

ಮಾಲಕರು: ಗೊತ್ತಿಲ್ಲದೆ? ಇಂಟರ್ನೆಟ್ ನೋಡಿದ್ದೇ ಅದರಲ್ಲಿ.

ಎಂಜಿನಿಯರ್: ನಾಲ್ಕನೇ ಆವೃತ್ತಿ 1997ರಲ್ಲಿ ಬಂತು. 1998ರಲ್ಲಿ, ಕೋಡ್ ಕೆಟ್ಟಿದೆ ಅಂತ ಬಹುಪಾಲು ಬಿಸಾಡಿ ಮೊದಲಿನಿಂದ ಬರೆಯಲು ಕೂತರು. ಐದನೇ ಆವೃತ್ತಿ ಬರಲೇ ಇಲ್ಲ. ಆರನೆಯದು ಬಂದದ್ದು 2000ದ ನವೆಂಬರಿನಲ್ಲಿ. ಅಷ್ಟರಲ್ಲಿ ಮಾರುಕಟ್ಟೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೈಗೆ ಹೋಗಿತ್ತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಜೋಯೆಲ್ ಸ್ಪೋಲ್ಸ್ಕಿ 2000ದಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದನ್ನೇ ಎತ್ತಿ ಹೇಳಿದರು: ನೋಡಲಿಕ್ಕೆ ಕಸದ ಹಾಗೆ ಕಾಣುವ ಕೋಡಿನ ಬಹಳಷ್ಟು ಸಾಲು ಯಾವುದೋ ಒಂದು ದಿನ ಯಾರೋ ಅನುಭವಿಸಿದ ತೊಂದರೆಗೆ ಮಾಡಿದ ಪರಿಹಾರ. ಬಿಸಾಡಿದರೆ ಆ ತೊಂದರೆಗಳನ್ನೆಲ್ಲ ಇನ್ನೊಮ್ಮೆ ಅನುಭವಿಸಬೇಕು.

ಮಾಲಕರು: ಸರಿ, ನಿನ್ನ ದಾರಿ ಹೇಳು.

ಎಂಜಿನಿಯರ್: ಮುಂದೆ ಯಾವ ಬೇಡಿಕೆ ಬರ್ತದೋ ಅದು ಮುಟ್ಟುವ ಜಾಗವನ್ನು ಮಾತ್ರ ಹೊಸತು ಮಾಡುವುದು. ಆಧುನೀಕರಣ ಅಂತ ಬೇರೆ ಯೋಜನೆ ಇಲ್ಲ, ಬೇರೆ ತಂಡ ಇಲ್ಲ. ಯಾರೂ ಮುಟ್ಟದ ಕೋಡ್ ಹಳತಾಗಿಯೇ ಇರಲಿ. ಅದರಿಂದ ಯಾರಿಗೂ ನಷ್ಟ ಇಲ್ಲ. ಈಗ ಎಲ್ಲ ಸಂಘಗಳೂ ಕೇಳುವುದು ಏನು? ಪಿಗ್ಮಿ ಸಂಗ್ರಹಕ್ಕೆ ಮೊಬೈಲ್ ಆ್ಯಪ್. ಅಲ್ಲಿಂದ ಶುರು.

ಮಾಲಕರು: ಪಿಗ್ಮಿ ಅಂದರೆ ನಮ್ಮ ಊರಿನ ಮರ್ಯಾದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು. ಅದನ್ನೇ ಪ್ರಯೋಗಕ್ಕೆ ಇಡ್ತೀಯಾ?

ಎಂಜಿನಿಯರ್: ಅದು ಅಂಚಿನಲ್ಲಿ ಇರುವುದರಿಂದ ಸರ್. ಏಜೆಂಟ್ ಮನೆಮನೆಗೆ ಹೋಗಿ ಯಂತ್ರದಲ್ಲಿ ಒತ್ತುತ್ತಾನೆ, ಸಂಜೆ ಸಂಘಕ್ಕೆ ಬಂದು ಅದನ್ನು ಕಂಪ್ಯೂಟರಿಗೆ ಇಳಿಸ್ತಾನೆ. ದಿನಕ್ಕೆ ಒಮ್ಮೆ, ಒಂದೇ ಬಾಗಿಲಿನಿಂದ ಒಳಗೆ ಬರುವ ಲೆಕ್ಕ ಅದು. ತಪ್ಪಿದರೆ ಅದೇ ಸಂಜೆ ಗೊತ್ತಾಗ್ತದೆ. ಚಿನ್ನದ ಸಾಲದಲ್ಲಿ ತಪ್ಪಿದರೆ ಗೊತ್ತಾಗುವುದು ಒಡವೆ ಬಿಡಿಸಿಕೊಳ್ಳಲು ಜನ ಬಂದಾಗ.

ಮಾಲಕರು: ಆ್ಯಪ್ ಹೊಸ ಭಾಷೆಯಲ್ಲಿ, ಲೆಕ್ಕ ಹಳೆ ಪ್ರೋಗ್ರಾಮಿನಲ್ಲಿ. ಇವೆರಡಕ್ಕೂ ಮಾತು ಹೇಗೆ?

ಎಂಜಿನಿಯರ್: ನಡುವೆ ಒಂದು ಪದರ. ಹೊರಗಿನವರು ಯಾರೂ ನೇರವಾಗಿ ಡೇಟಾಬೇಸ್ ಮುಟ್ಟಬಾರದು. ಆ ಪದರ ಕೇಳಿದ್ದನ್ನು ಸದ್ಯಕ್ಕೆ ಹಳೆ ಕೋಡಿಗೆ ದಾಟಿಸ್ತದೆ. ನಾಳೆ ಆ ಭಾಗ ಹೊಸತಾದರೆ ಹೊಸತಕ್ಕೆ. ಆ್ಯಪಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೇ ರೀತಿ, ಸಿ ಶಾರ್ಪ್‌ನಲ್ಲಿ ಬರೆದ ಹೊಸ ಭಾಗವನ್ನು ನಿಮ್ಮ ವಿಷುವಲ್ ಬೇಸಿಕ್ ಪರದೆಯಿಂದ ಕರೆಯಲಿಕ್ಕೂ ಆಗ್ತದೆ. ಗುಮಾಸ್ತರಿಗೆ ಅದೇ ಪರದೆ, ಅದೇ ಎಫ್2 ಕೀಲಿ. ಒಳಗೆ ಬಡ್ಡಿ ಲೆಕ್ಕ ಮಾಡುವವನು ಮಾತ್ರ ಬೇರೆ. ಮಾರ್ಟಿನ್ ಫೌಲರ್ 2001ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿಗೆ ಹೋಗಿದ್ದಾಗ ಒಂದು ಜಾತಿಯ ಆಲವನ್ನು ನೋಡಿದರು. ಬೀಜ ಬೇರೆ ಮರದ ಕವಲಿನಲ್ಲಿ ಬೀಳ್ತದೆ, ಬೇರು ಕೆಳಗಿಳಿದು ನೆಲ ಮುಟ್ಟುತ್ತದೆ, ಮೂಲ ಮರವನ್ನು ಸುತ್ತಿಕೊಂಡು ಬೆಳೆಯುತ್ತದೆ. 2004ರಲ್ಲಿ ಅದರ ಹೆಸರನ್ನೇ ಈ ವಿಧಾನಕ್ಕೆ ಇಟ್ಟರು.

ಮಾಲಕರು: ಅದನ್ನು ನೋಡಲಿಕ್ಕೆ ಆಸ್ಟ್ರೇಲಿಯಾಕ್ಕೆ ಹೋಗಬೇಕಾ? ಈಚಲ ಮರವನ್ನು ನುಂಗಿದ ಅರಳಿ, ಗೋಳಿ ನಮ್ಮ ಗುಡ್ಡೆಯಲ್ಲಿ ಬೇಕಾದಷ್ಟು ಉಂಟು. ಆದರೆ ಒಂದು ಮಾತು. ಅರ್ಧ ನುಂಗಿ ನಿಂತ ಗೋಳಿಯೂ ಉಂಟು. ಈಚಲೂ ಸತ್ತಿಲ್ಲ, ಗೋಳಿಯೂ ಪೂರ್ತಿ ಬೆಳೆದಿಲ್ಲ. ನಿನ್ನ ದಾರಿಯಲ್ಲಿ ಹತ್ತು ವರ್ಷ ಆದ ಮೇಲೂ ಅರ್ಧ ಹಳತು, ಅರ್ಧ ಹೊಸತು ಇದ್ದರೆ? ಎರಡೂ ಗೊತ್ತಿರುವವರನ್ನು ಎಲ್ಲಿಂದ ತರುವುದು?

(ಈ ಪ್ರಶ್ನೆಗೆ ಅವಳು ಕೂಡಲೇ ಉತ್ತರಿಸಲಿಲ್ಲ. ಈ ವಿಧಾನವನ್ನು ಹೊಗಳುವ ಬಹಳ ಮಂದಿ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಅದಕ್ಕೇ ಅರ್ಧಕ್ಕೆ ನಿಂತ ಆಧುನೀಕರಣಗಳು ಎಲ್ಲ ಕಡೆ ಸಿಗುತ್ತವೆ.)

ಎಂಜಿನಿಯರ್: ಅದು ನಿಜವಾದ ಅಪಾಯ. ಅದಕ್ಕೊಂದು ಕಟ್ಟುನಿಟ್ಟು ಬೇಕು: ಹೊಸ ಭಾಗ ಓಡಿದ ಕೂಡಲೇ ಕೆಲಸ ಮುಗಿದದ್ದಲ್ಲ, ಹಳೆ ಭಾಗವನ್ನು ಅಳಿಸಿದಾಗಲೇ ಮುಗಿದದ್ದು. ಬಿಲ್ ಕೂಡ ಆಗಲೇ. ನೈಟ್ ಕ್ಯಾಪಿಟಲ್ ಅಂತ ಅಮೆರಿಕದಲ್ಲಿ ಷೇರು ವ್ಯವಹಾರದ ಕಂಪೆನಿ ಇತ್ತು. 2003ರಲ್ಲೇ ಬಳಕೆ ಬಿಟ್ಟ ಒಂದು ಕೋಡ್ ಅವರ ಸರ್ವರ್‌ಗಳಲ್ಲಿ ಹಾಗೇ ಕೂತಿತ್ತು. 2012ರಲ್ಲಿ ಹೊಸ ಸೌಲಭ್ಯ ಬರೆಯುವಾಗ, ಆ ಹಳೆ ಕೋಡನ್ನು ಎಬ್ಬಿಸುತ್ತಿದ್ದ ಫ್ಲ್ಯಾಗನ್ನೇ ಹೊಸತಕ್ಕೂ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಯ್ತು, ಒಂದಕ್ಕೆ ಹೋಗಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಆ ಒಂದು ಸರ್ವರ್‌ನಲ್ಲಿ ಸತ್ತ ಕೋಡ್ ಎದ್ದು, ನಿಲ್ಲಿಸದೆ ಷೇರು ಕೊಳ್ಳುವುದು ಮಾರುವುದು ಶುರು ಮಾಡಿತು. ಸುಮಾರು 45 ನಿಮಿಷ. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಕಂಪೆನಿ ಬೇರೆಯವರ ಜೊತೆ ವಿಲೀನ ಆಯ್ತು.

ಮಾಲಕರು: ನಮ್ಮಲ್ಲಿಯೂ ಅಂಥ ಫ್ಲ್ಯಾಗ್ ಉಂಟಲ್ಲ. ಸೆಟ್ಟಿಂಗ್ಸ್ ಟೇಬಲ್ಲಿನಲ್ಲಿ...

ಎಂಜಿನಿಯರ್: ನೋಡಿದ್ದೇನೆ. ಅರ್ಧದಷ್ಟು ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಇನ್ನು ಮುಂದೆ ಹೊಸ ಭಾಗಕ್ಕೆ ಸ್ವಿಚ್ ಹಾಕುವ ದಿನವೇ ಅದನ್ನು ಕಿತ್ತು ಹಾಕುವ ತಾರೀಕನ್ನೂ ಬರೆದಿಡಬೇಕು. ಆದರೆ ಅದಕ್ಕೂ ಮೊದಲು ಇನ್ನೊಂದು ಕೆಲಸ ಉಂಟು, ಹೇಳಿದರೆ ಬೇಸರ ಮಾಡಬಾರದು.

ಮಾಲಕರು: ಸಂಘಕ್ಕೊಂದು ಫೋಲ್ಡರ್.

ಎಂಜಿನಿಯರ್: ಹೌದು. ಒಂದು ಸಂಘ ರಶೀದಿಯಲ್ಲಿ ಎರಡು ಸಾಲು ಹೆಚ್ಚು ಕೇಳಿತು ಅಂತ ಇಡೀ ಪ್ರೋಗ್ರಾಮನ್ನು ನಕಲು ಮಾಡಿ ಬದಲಿಸಿದ್ದು. ಈಗ ಇರುವುದು ಒಂದು ಹಳೆ ಪ್ರೋಗ್ರಾಮ್ ಅಲ್ಲ, ಹತ್ತಾರು. ಇದನ್ನು ಒಂದೇ ಮೂಲಕ್ಕೆ ತಂದು, ವ್ಯತ್ಯಾಸಗಳನ್ನು ಸೆಟ್ಟಿಂಗ್ ಮಾಡದೆ ಹೊಸತಿನ ಮಾತೇ ಬೇಡ. ಇದಕ್ಕೆ ಹೊಸ ಭಾಷೆ ಬೇಡ, ಸರ್ವರ್ ಬೇಡ. ತಾಳ್ಮೆ ಮಾತ್ರ.

ಮಾಲಕರು: ತಾಳ್ಮೆಗೆ ಸಂಬಳ ಕೊಡುವವನು ನಾನು. ಸಂಘದ ಕಾರ್ಯದರ್ಶಿಗೆ ಕಾಣದ ಕೆಲಸಕ್ಕೆ ಯಾವ ಬಿಲ್ ಹಾಕುವುದು?

ಎಂಜಿನಿಯರ್: ಬೇರೆ ಸಾಲಿನಲ್ಲಿ ಹಾಕಬೇಡಿ. ಪಿಗ್ಮಿ ಆ್ಯಪಿನ ಎಸ್ಟಿಮೇಟಿನಲ್ಲಿ, ಅದು ಮುಟ್ಟುವ ಕೋಡನ್ನು ಸರಿ ಮಾಡುವ ಖರ್ಚೂ ಸೇರಿರಲಿ. ‘ಸ್ವಚ್ಛ ಮಾಡಿದ್ದಕ್ಕೆ ಇಷ್ಟು’ ಅಂತ ಬರೆದರೆ ಮೊದಲು ಕಡಿತ ಆಗುವುದು ಅದೇ ಸಾಲು.

ಮಾಲಕರು: ಅದು ಸರಿ. ಈಗ ಬಡ್ಡಿಗೆ ಬರುವ. ಬಡ್ಡಿ ಲೆಕ್ಕ ನನ್ನ ತಲೆಯಲ್ಲಿ ಉಂಟು, ಬರೆದಿಟ್ಟ ಕಾಗದ ಇಲ್ಲ. ನೀನು ಹೊಸತಾಗಿ ಬರೆದರೆ ಅದು ಸರಿ ಅಂತ ಹೇಗೆ ಗೊತ್ತು?

ಎಂಜಿನಿಯರ್: ಸರಿಯಾ ತಪ್ಪಾ ಅಂತ ಮೊದಲು ಕೇಳುವುದೇ ಇಲ್ಲ. ಹಳೆ ಪ್ರೋಗ್ರಾಮ್ ಈಗ ಏನು ಉತ್ತರ ಕೊಡ್ತದೆ ಅನ್ನುವುದನ್ನು ದಾಖಲೆ ಮಾಡುವುದು. ಮೈಕೆಲ್ ಫೆದರ್ಸ್ ಅನ್ನುವವರು 2004ರಲ್ಲಿ ಹಳೆ ಕೋಡಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಅವರ ಪ್ರಕಾರ ಕೋಡ್ ಹಳತಾಗುವುದು ವಯಸ್ಸಿನಿಂದ ಅಲ್ಲ, ಅದಕ್ಕೆ ಪರೀಕ್ಷೆಗಳು ಇಲ್ಲದೆ ಇರುವುದರಿಂದ. ಸಂಘಗಳ ಒಪ್ಪಿಗೆ ಪಡೆದು ಬ್ಯಾಕಪ್ ತರಿಸುವ; ಹೆಸರು, ಆಧಾರ್, ಫೋನ್ ಎಲ್ಲ ಅಳಿಸಿ. ಕಳೆದ ವರ್ಷದ ಎಲ್ಲ ಠೇವಣಿಗಳ ಬಡ್ಡಿಯನ್ನು ಹಳೆ ಕೋಡಿನಲ್ಲಿ ಒಮ್ಮೆ, ಹೊಸತರಲ್ಲಿ ಒಮ್ಮೆ ಓಡಿಸುವುದು. ಎಲ್ಲಿ ವ್ಯತ್ಯಾಸ ಬರ್ತದೋ ಅಲ್ಲಿ ನಿಲ್ಲುವುದು. ಸಣ್ಣದಾಗಿ ಮಾಡಿ ನೋಡಿದೆ ಕೂಡ. ವ್ಯತ್ಯಾಸ ಬಂತು.

ಮಾಲಕರು: ಎಷ್ಟು?

ಎಂಜಿನಿಯರ್: ಒಂದು ರೂಪಾಯಿ. ಕೆಲವು ಖಾತೆಗಳಲ್ಲಿ ಮಾತ್ರ.

ಮಾಲಕರು: ಹ್ಹ! ಆ ಒಂದು ರೂಪಾಯಿ. ಪ್ರತಿ ಮಾರ್ಚ್ ಕ್ಲೋಸಿಂಗಿಗೂ ಫೋನ್ ಬರ್ತದೆ. ತಾಳೆಪಟ್ಟಿ ಕೂಡುವುದಿಲ್ಲ ಅಂತ. ‘ರೌಂಡಿಂಗ್ ವ್ಯತ್ಯಾಸ’ ಅಂತ ಒಂದು ಖಾತೆಯನ್ನೇ ತೆರೆದು ಕೊಟ್ಟಿದ್ದೇನೆ.

ಎಂಜಿನಿಯರ್: ಅದರ ಮೂಲ ಸಿಕ್ಕಿತು. ಐವತ್ತು ಪೈಸೆಯನ್ನು ಯಾವ ಕಡೆ ಹಾಕುವುದು ಅನ್ನುವ ಪ್ರಶ್ನೆ. ವಿಷುವಲ್ ಬೇಸಿಕ್ಕಿನ ಸಿಐಎನ್‌ಟಿ, ರೌಂಡ್ ಎರಡೂ ಹತ್ತಿರದ ಸಮಸಂಖ್ಯೆಗೆ ಹೋಗ್ತವೆ. 2.50 ಕೊಟ್ಟರೆ 2, 3.50 ಕೊಟ್ಟರೆ 4. ಆದರೆ ಅದೇ ಭಾಷೆಯ ಫಾರ್ಮ್ಯಾಟ್ ಅನ್ನುವ ಫಂಕ್ಷನ್ ನಮ್ಮ ಶಾಲೆಯ ಲೆಕ್ಕದ ಹಾಗೆ 2.50ನ್ನು 3 ಮಾಡ್ತದೆ. ಖಾತೆಗೆ ಜಮಾ ಮಾಡುವಲ್ಲಿ ಮೊದಲನೆಯದನ್ನು ಬಳಸಿದ್ದೀರಿ, ಪಾಸ್‌ಬುಕ್ ಪ್ರಿಂಟಿಗೆ ಎರಡನೆಯದು. ಆದ್ದರಿಂದ ಪುಸ್ತಕದಲ್ಲಿ 3, ಕಂಪ್ಯೂಟರಿನಲ್ಲಿ 2. ಇನ್ನು ನಾವು ಹೋಗಬೇಕು ಅಂತಿರುವ ಎಸ್‌ಕ್ಯೂಎಲ್ ಸರ್ವರಿನ ರೌಂಡ್ ಕೂಡ 3 ಅನ್ನುತ್ತದೆ. ಯೋಚಿಸದೆ ಸಾಲಿಗೆ ಸಾಲು ಅನುವಾದ ಮಾಡಿದ್ದರೆ ಎಲ್ಲ ಸಂಘಗಳ ಬಡ್ಡಿಯೂ ಒಂದೇ ರಾತ್ರಿಯಲ್ಲಿ ಬದಲಾಗುತ್ತಿತ್ತು.

ಮಾಲಕರು: ಇಷ್ಟು ವರ್ಷ ನಾನು ಡೇಟಾಬೇಸನ್ನು ಬೈತಿದ್ದೆ. ಹಾಗಾದರೆ ಹೊಸತರಲ್ಲಿ ಸರಿ ಮಾಡಿಬಿಡು, ಮುಗೀತು.

ಎಂಜಿನಿಯರ್: ಇಲ್ಲ. ಅದನ್ನೇ ಮಾಡಬಾರದು.

ಮಾಲಕರು: ತಪ್ಪು ಗೊತ್ತಿದ್ದೂ ತಪ್ಪನ್ನೇ ಬರೆಯುವುದಾ?

ಎಂಜಿನಿಯರ್: ಸ್ಥಳಾಂತರ ಮಾಡುವಾಗ ಹೌದು. ಸಾಗಿಸುವುದು, ಸರಿಪಡಿಸುವುದು ಎರಡನ್ನೂ ಒಟ್ಟಿಗೆ ಮಾಡಿದರೆ, ವ್ಯತ್ಯಾಸ ಬಂದಾಗ ಅದು ನಾವು ಬೇಕಂತಲೇ ಮಾಡಿದ್ದೋ ಹೊಸ ಕೋಡಿನ ತಪ್ಪೋ ಹೇಳಲಿಕ್ಕೆ ಆಗುವುದಿಲ್ಲ. ಮೊದಲು ಹೊಸ ಕೋಡ್ ಹಳತರ ತಪ್ಪನ್ನೂ ಸೇರಿಸಿ ಪೈಸೆಗೆ ಪೈಸೆ ಅದೇ ಉತ್ತರ ಕೊಡಲಿ. ಆಮೇಲೆ ಒಂದು ಏಪ್ರಿಲ್ 1ರಿಂದ, ಆಡಿಟರಿಗೆ ತಿಳಿಸಿ, ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ನಿಯಮ ಬದಲಿಸುವ. ಐವತ್ತು ಪೈಸೆ ಠೇವಣಿದಾರನಿಗೋ ಸಂಘಕ್ಕೋ ಅನ್ನುವುದನ್ನು ತೀರ್ಮಾನಿಸುವ ಅಧಿಕಾರ ಪ್ರೋಗ್ರಾಮರಿಗೆ ಇಲ್ಲ.

ಮಾಲಕರು: ಸದಸ್ಯರ ಹೆಸರುಗಳದ್ದು ಏನು ಮಾಡ್ತೀ? ಎಲ್ಲ ನುಡಿ ಫಾಂಟಿನಲ್ಲಿ ಉಂಟು.

ಎಂಜಿನಿಯರ್: ಬಡ್ಡಿಗಿಂತ ಕಷ್ಟ ಅದೇ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ವಿಷುವಲ್ ಬೇಸಿಕ್ಕಿನ ಪರದೆಯ ಪೆಟ್ಟಿಗೆಗಳಿಗೆ ಯೂನಿಕೋಡ್ ಗೊತ್ತೇ ಇಲ್ಲ. ಡೇಟಾಬೇಸಿನಲ್ಲಿ ಕೂತಿರುವುದು ಅಕ್ಷರ ಅಲ್ಲ, ಅಕ್ಷರದ ಚೂರುಗಳ ಚಿತ್ರಸಂಖ್ಯೆ. ಫಾಂಟ್ ತೆಗೆದರೆ ಯಾವ ಭಾಷೆಯೂ ಅಲ್ಲದ ಗೊಜಲು. ಯೂನಿಕೋಡಿಗೆ ತರುವಾಗ ಕ್ರಮವೂ ಬದಲಾಗ್ತದೆ. ‘ಕರ್ನಾಟಕ’ದ ಅರ್ಕಾವತ್ತು ನುಡಿಯಲ್ಲಿ ‘ನಾ’ದ ನಂತರ ಬರ್ತದೆ, ಬರೆಯುವ ಹಾಗೆ, ಯೂನಿಕೋಡಿನಲ್ಲಿ ಮೊದಲು, ಉಚ್ಚರಿಸುವ ಹಾಗೆ. ಇಷ್ಟನ್ನು ಪರಿವರ್ತಕ ಮಾಡಿಕೊಡ್ತದೆ. ಅದಕ್ಕೆ ಆಗದ್ದು ಬೇರೆ. ಕೆಲವು ಗುಮಾಸ್ತರು ಕನ್ನಡಕ್ಕೆ ಬದಲಿಸಲು ಮರೆತು ಅದೇ ಜಾಗದಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೊಡೆದಿದ್ದಾರೆ. ಪರಿವರ್ತಕ ಅವನ್ನೂ ನುಡಿ ಅಂದುಕೊಂಡು, ಹುಟ್ಟಿಯೇ ಇಲ್ಲದ ಸದಸ್ಯರನ್ನು ಹುಟ್ಟಿಸ್ತದೆ.

ಮಾಲಕರು: (ನಗುತ್ತಾ) ಮಹಾಸಭೆಯಲ್ಲಿ ಓಟು ಹಾಕಲಿಕ್ಕೆ ಬಂದರೆ ಕಷ್ಟ.

ಎಂಜಿನಿಯರ್: ಅದಕ್ಕೆ ಎರಡೂ ಕಾಲಮ್ ಇಡುವ. ಹಳೆಯದೇ ಯಜಮಾನ, ಹೊಸತು ಅದರ ಪ್ರತಿ. ಗುಮಾಸ್ತರು ಆ ಸದಸ್ಯರ ಖಾತೆ ಯಾವುದೋ ಕಾರಣಕ್ಕೆ ತೆರೆದಾಗ, ‘ಹೆಸರು ಸರಿ ಉಂಟಾ’ ಅಂತ ಒಂದು ಸಲ ಕೇಳುವುದು. ಸರಿ ಅಂದ ದಿನದಿಂದ ಯೂನಿಕೋಡಿನದ್ದೇ ಯಜಮಾನ. ಯಾವ ದಿನವೂ ಒಂದು ಮಾಹಿತಿಗೆ ಇಬ್ಬರು ಯಜಮಾನರು ಇರಬಾರದು. ಹಳತು ಹೊಸತು ಒಟ್ಟಿಗೆ ಓಡುವ ಕಡೆ ಹೆಚ್ಚಿನ ಗೋಳು ಹುಟ್ಟುವುದು, ಇಬ್ಬರೂ ಒಂದೇ ದಾಖಲೆಯನ್ನು ಬರೆಯಲು ಹೋದಾಗ.

ಮಾಲಕರು: ಇಷ್ಟೆಲ್ಲ ನಿಧಾನ ಮಾಡಲಿಕ್ಕೆ ಸಮಯ ಉಂಟಾ ನಮಗೆ? ಕೇಂದ್ರ ಸರಕಾರ 2022ರಲ್ಲೇ 2,516 ಕೋಟಿ ರೂಪಾಯಿ ಇಟ್ಟು, 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವುದು ಅಂತ ಮಾಡಿದೆ. ಕೃಷಿ ಸಂಘಗಳು ಅತ್ತ ಹೋದರೆ ನಮಗೆ ಉಳಿಯುವುದು ಪಟ್ಟಣದ ಪತ್ತಿನ ಸಂಘ, ಸೌಹಾರ್ದ.

ಎಂಜಿನಿಯರ್: ಹೋಗುವವರಿಗೂ ಶುದ್ಧ ಮಾಹಿತಿ ಕೊಟ್ಟು ಕಳಿಸಬೇಕಲ್ಲ. ಹೆಸರಿನ ಕೆಲಸ ಅಲ್ಲಿಗೂ ಬರ್ತದೆ. ಆದರೆ ನಿಧಾನ ಮಾಡಬಾರದ ಒಂದು ಜಾಗ ಖಂಡಿತ ಉಂಟು. ನಮ್ಮ ಪರದೆಗಳಲ್ಲಿ ಇಸವಿಗೆ ಎರಡೇ ಅಂಕೆ ಹೊಡೆಯುವ ಅಭ್ಯಾಸ. 29 ಹೊಡೆದರೆ ವಿಷುವಲ್ ಬೇಸಿಕ್ 2029 ಅಂದುಕೊಳ್ತದೆ. 30 ಹೊಡೆದರೆ 1930. ಐದು ವರ್ಷದ ಠೇವಣಿಗಳ ಅವಧಿ ಮುಗಿಯುವ ತಾರೀಕು ಈಗಾಗಲೇ 2030ಕ್ಕೆ ಬಂದಿದೆ. ಪ್ರೋಗ್ರಾಮ್ ತಾನೇ ಲೆಕ್ಕ ಹಾಕುವ ಕಡೆ ತೊಂದರೆ ಇಲ್ಲ. ಬೇರೆ ಬ್ಯಾಂಕಿನಲ್ಲಿ ಸಂಘ ಇಟ್ಟ ಠೇವಣಿ, ಭದ್ರತಾಪತ್ರ ಅಂತ ಕೈಯಲ್ಲಿ ಹೊಡೆಯುವ ಕಡೆ ಉಂಟು. ಇದನ್ನು ಹಳೆ ಕೋಡಿನಲ್ಲೇ, ಹಳೆ ಭಾಷೆಯಲ್ಲೇ ಈಗಲೇ ತಿದ್ದಬೇಕು. ಹೊಸತು ಬರ್ತದೆ ಅಂತ ಕಾಯಬಾರದು.

ಮಾಲಕರು: ಕೊನೆಗೆ ಒಂದು ದಿನ ಬದಲಿಸಲೇಬೇಕಲ್ಲ? ಶನಿವಾರ ರಾತ್ರಿ ಹಳತು ಬಂದ್, ಸೋಮವಾರ ಬೆಳಿಗ್ಗೆ ಹೊಸತು. ಆ ಉದ್ಘಾಟನೆ ಇಲ್ಲದಿದ್ದರೆ ಸಂಘದ ಅಧ್ಯಕ್ಷರಿಗೆ ಸಮಾಧಾನ ಇಲ್ಲ.

ಎಂಜಿನಿಯರ್: ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲಿನ ಒಂದು ವಾರಾಂತ್ಯದಲ್ಲಿ ಹಾಗೆಯೇ ಮಾಡಿತು. ಲಕ್ಷಗಟ್ಟಲೆ ಜನ ತಮ್ಮ ಖಾತೆ ತೆರೆಯಲಾಗದೆ ಕೂತರು, ಎಲ್ಲ ಸರಿಯಾಗಲು ಡಿಸೆಂಬರ್ ಆಯ್ತು. ಅದೇ ವರ್ಷ ಮುಖ್ಯಸ್ಥರು ಹುದ್ದೆ ಬಿಟ್ಟರು. 2022ರಲ್ಲಿ ಅಲ್ಲಿನ ನಿಯಂತ್ರಕರು ಹಾಕಿದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಹೆಚ್ಚು. ನಮ್ಮಲ್ಲಿ 2023ರಲ್ಲಿ ಆಸ್ತಿ ನೋಂದಣಿಗೆ ಕಾವೇರಿ 2.0 ಬಂದಾಗ ಉಪನೋಂದಣಿ ಕಚೇರಿಗಳಿಗೆ ಹಂತಹಂತವಾಗಿ ತಂದರು. ನಾವೂ ಹಾಗೆ. ಮೊದಲು ಒಂದೇ ಶಾಖೆಯ ಸಣ್ಣ ಸಂಘ. ಕೆಲವು ವಾರ ಹೊಸತು ಹಿಂದಿನಿಂದ ಸುಮ್ಮನೆ ಲೆಕ್ಕ ಹಾಕ್ತಾ ಇರಲಿ, ರಾತ್ರಿ ಎರಡರ ದಿನವಹಿಯನ್ನೂ ತಾಳೆ ನೋಡುವ. ಕೂಡಿದ ಮೇಲೆ ಸ್ವಿಚ್ ತಿರುಗಿಸುವುದು, ಕೆಟ್ಟರೆ ಅದೇ ಗಳಿಗೆಯಲ್ಲಿ ವಾಪಸ್. ಉದ್ಘಾಟನೆ ಬೇಕಾದರೆ ಆ್ಯಪಿಗೆ ಮಾಡಿಸಿ.

ಮಾಲಕರು: ಈ ರೀತಿ ಮಾಡಿದರೆ ಬಿಸಾಡುವ ದಿನ ಅಂತ ಒಂದು ಬರುವುದೇ ಇಲ್ಲ ಅಂತಾಯ್ತು. ನನಗೆ ಅದನ್ನು ನೋಡುವ ಆಸೆ ಇತ್ತು.

ಎಂಜಿನಿಯರ್: ಪೂರ್ತಿ ಬಿಸಾಡಿ ಬರೆಯಬಹುದಾದದ್ದು ಒಂದು ಉಂಟು, ವರದಿಗಳು. ಅವು ಓದುತ್ತವೆ ಅಷ್ಟೇ, ಏನನ್ನೂ ಬರೆಯುವುದಿಲ್ಲ. ತಪ್ಪಿದರೆ ಇನ್ನೊಮ್ಮೆ ಪ್ರಿಂಟ್. ಅದನ್ನು ನೀವೇ ಹಿಡಿದುಕೊಳ್ಳಿ.

ಮಾಲಕರು: ಆಯ್ತು. ಹಾಗಾದರೆ ಬರೆದುಕೊ. ಇಸವಿಯ ತಿದ್ದುಪಡಿ ಈ ವಾರವೇ, ಹಳೆ ಕೋಡಿನಲ್ಲಿ. ಫೋಲ್ಡರುಗಳನ್ನು ಒಂದು ಮಾಡುವುದಕ್ಕೆ ಇಬ್ಬರು, ಉಳಿದವರು ಸಂಘಗಳ ಕೆಲಸದಲ್ಲಿ. ಮಾರ್ಚ್ ಕ್ಲೋಸಿಂಗ್ ಮುಗಿಯುವವರೆಗೆ ಬೇರೆ ಯಾವ ಬದಲಾವಣೆಯೂ ಯಾವ ಸಂಘಕ್ಕೂ ಹೋಗಬಾರದು. ಪಿಗ್ಮಿ ಆ್ಯಪ್ ಆಡಿಟ್ ಆದ ಮೇಲೆ, ಒಂದು ಸಂಘಕ್ಕೆ ಮಾತ್ರ. ಹಳೆ ಪಿಗ್ಮಿ ಕೋಡನ್ನು ಅಳಿಸದೆ ನನ್ನ ಹತ್ತಿರ ಬಿಲ್ಲಿಗೆ ಸಹಿ ಕೇಳಲಿಕ್ಕೆ ಬರಬೇಡ.